ಗೊಳಸಂಗಿ ದಾರಿಯ ಎರಡು ಸೈಕಲ್ಲು

ಮೂರ್ಖತನ ಮಾಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೀವು ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಒಂದು ಚಹಾ ಹೇಳಿದರೆ ಸಾಕು, ಚಹಾ ಬರುವ ಮೊದಲೇ ಈ ಸುದ್ದಿ ಬರುತ್ತದೆ, ಅದೂ ಉಪ್ಪು ಖಾರ ಹಚ್ಚಿಕೊಂಡು. ಚಾಚಾ ನಮಾಜಿಗೆ ನಿಂತಿದ್ದಾಗ ಅವರ ಫೋನು ಎತ್ತಿ, ಅವರದೇ ದನಿಯಲ್ಲಿ, ಎದೆಗೆ ಸ್ಟೆಂಟ್ ಹಾಕಿಸಿಕೊಂಡಿದ್ದ ಆ ಮನುಷ್ಯನ ಪರವಾಗಿ ನಾನು ಒಂದು ಸೈಕಲ್ ಸವಾರಿಗೆ ಒಪ್ಪಿಕೊಂಡೆ. ಒಪ್ಪಿಕೊಂಡೆ ಎನ್ನುವುದೂ ಸುಳ್ಳು. ಕರೆದವನೇ ನಾನು. ಚಾಚಾ ಆ ಸವಾರಿಗೆ ಹೋದರು, ಕೆಲವು ತಿಂಗಳ ಮೇಲೆ ತೀರಿಕೊಂಡರು. ಈ ಎರಡರ ನಡುವೆ ಸಂಬಂಧ ಇದೆಯೋ ಇಲ್ಲವೋ ಎನ್ನುವುದೇ ಪ್ರಶ್ನೆ. ಇದೆ ಎಂದು ಚಾಚಿಯ ತಮ್ಮ, ಅಂದರೆ ಮುದ್ದೇಬಿಹಾಳದ ಮಾಮಾ, ಊರ ಮುಂದೆ ಹೇಳಿದರು. ಇಲ್ಲ ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಪೂರ್ತಿ ಬಂದಿಲ್ಲ.

ನನ್ನ ಕಸುಬೇ ಅಂಥದ್ದು. ಹಗಲು ಮೊಬೈಲ್ ಅಂಗಡಿಯಲ್ಲಿ ಒಡೆದ ಗಾಜು ಬದಲಿಸುತ್ತೇನೆ. ಸೀಜನ್ನು ಬಂದರೆ ಮದುವೆ, ಕಾಲೇಜಿನ ಗ್ಯಾದರಿಂಗು ಎಂದು ಸಿಂದಗಿ, ಇಂಡಿ, ಮುದ್ದೇಬಿಹಾಳ ಸುತ್ತಿ ಮಿಮಿಕ್ರಿ ಮಾಡುತ್ತೇನೆ. ಬಸ್ ಕಂಡಕ್ಟರು, ಸಂತೆಯಲ್ಲಿ ಕುರಿ ಮಾರುವವರು, ಮೈಕು ಸಿಕ್ಕರೆ ಬಿಡದ ಪುಢಾರಿಗಳು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ನನ್ನ ಸ್ವಂತ ದನಿ ಹೇಗಿದೆ ಎಂದು ನಮ್ಮವ್ವನನ್ನು ಕೇಳಿದರೆ, "ಅದನ್ನ ಕೇಳಿ ನನಗೂ ಭಾಳ ದಿನಾ ಆತಪಾ" ಎನ್ನುತ್ತಾಳೆ.

ಚಾಚಾ ಹೋದ ಮೇಲೆ ಹೊಸದೊಂದು ತಾಪತ್ರಯ ಶುರುವಾಗಿದೆ. ಎಲ್ಲಿ ಹೋದರೂ ಯಾರಾದರೂ ಒಬ್ಬರು ಎದ್ದು, "ತಮ್ಮಾ, ಚಾಚಾಂದು ದನಿ ಒಮ್ಮೆ ತಗಿಯಲಾ" ಎನ್ನುತ್ತಾರೆ. ಮೊನ್ನೆ ಸಿಂದಗಿಯಲ್ಲಿ ಮದುಮಗನೇ ಕೇಳಿದ. ಅವನಿಗೆ ಬಾವಿಯಲ್ಲಿ ಈಸು ಕಲಿಸಿದವರು ಚಾಚಾ ಅಂತೆ. ತೆಗೆದೆ. ಜನ ನಕ್ಕರು, ಆಮೇಲೆ ಸುಮ್ಮನಾದರು, ಆಮೇಲೆ ಅಡುಗೆಯವರು ಊಟಕ್ಕೆ ಕರೆದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮೈ ನೆನೆದ ಗೋಣಿಚೀಲದಂತಾಗಿತ್ತು. ಬದುಕಿರುವ ಪುಢಾರಿಗಳ ದನಿ ಎಷ್ಟು ಹೊತ್ತು ತೆಗೆದರೂ ದಣಿವಾಗುವುದಿಲ್ಲ. ಅದರಲ್ಲಿ ತೂಕವೇ ಇರುವುದಿಲ್ಲವಲ್ಲ.

ಚಾಚಾ ನಮ್ಮ ಓಣಿಯ ಕೊನೆಯ ಮನೆಯವರು. ಪ್ರಾಯದಲ್ಲಿ ಅವರು ರಾಜ್ಯಮಟ್ಟದ ಸೈಕಲ್ ಪಟು. ನಮ್ಮ ಕಡೆ ಸೈಕಲ್ಲಿಗೆ ಇನ್ನೂ ಮರ್ಯಾದೆ ಇದೆ. ಮುಂಜಾನೆ ಹೆದ್ದಾರಿಯ ಅಂಚಿನಲ್ಲಿ ಹ್ಯಾಂಡಲ್ಲಿಗೆ ಎದೆ ಹಚ್ಚಿ ಹೋಗುವ ಹುಡುಗರನ್ನು ಕಂಡರೆ ಲಾರಿಯವರೂ ಹಾರ್ನು ಮೆಲ್ಲಗೆ ಹೊಡೆಯುತ್ತಾರೆ. ವಯಸ್ಸು ದಾಟಿದ ಮೇಲೆ ಚಾಚಾ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ರಿಪೇರಿ ಅಂಗಡಿ ಇಟ್ಟರು. ಅಂಗಡಿ ಇಟ್ಟರು ಎನ್ನುವುದು ದೊಡ್ಡ ಮಾತು, ಅದರ ಬಾಗಿಲು ತೆರೆದದ್ದನ್ನು ಕಂಡವರು ಕಡಿಮೆ. ಪಂಕ್ಚರ್ ಆದ ಸೈಕಲ್ಲನ್ನು ಮುಚ್ಚಿದ ಬಾಗಿಲಿಗೆ ಒರಗಿಸಿ ಹೋಗಬೇಕು, ಚಾಚಾ ಹೊಳೆಯಿಂದ ಬಂದ ಮೇಲೆ ತಿದ್ದಿಡುತ್ತಿದ್ದರು. ಹೊಳೆಗೆ ಹೋಗಿಲ್ಲದಿದ್ದರೆ ಕಾಲುವೆಯಲ್ಲಿ, ಕಾಲುವೆಯಲ್ಲಿ ನೀರಿಲ್ಲದಿದ್ದರೆ ಯಾರದೋ ಹೊಲದ ಬಾವಿಯಲ್ಲಿ. ಗಾಳ ಹಾಕಿ ಕುಳಿತರೆ ಮೀನಿಗೇ ಬೇಸರ ಬರಬೇಕು. ಯಾವ ಬದುವಿನ ಹುಲ್ಲಿನಲ್ಲಿ ಕೌಜುಗ ಮೊಟ್ಟೆ ಇಟ್ಟಿದೆ ಎಂದು ತಿಳಿದು, ಆ ಹೊಲದವನಿಗೆ ಹೋಗಿ, "ಇನ್ನ ಸ್ವಲ್ಪ ದಿನ ಆ ಕಡೆ ಕುಂಟಿ ಹೊಡಿಬ್ಯಾಡಲೇ ಮಗನ" ಎಂದು ಹೇಳಿ ಬರುತ್ತಿದ್ದರು. ಹೊಲದವನು ಹೊಡೆಯುತ್ತಿರಲಿಲ್ಲ. ಅವನಿಗೂ ಈಸು ಕಲಿಸಿದ್ದು ಇವರೇ.

ಅವರ ಈಸಿನ ಪಾಠ ಭಾರಿ ಸರಳ. ಬೆನ್ನಿಗೆ ಒಂದು ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿ ಬಾವಿಗೆ ನೂಕುವುದು. ನನ್ನನ್ನು ನೂಕಿದಾಗ ನಾನು ಮೆಟ್ಟಿಲ ಕಲ್ಲು ಹಿಡಿದು ಅತ್ತಿದ್ದೆ. ಅವರು ಮೇಲಿನಿಂದ ಬಗ್ಗಿ, "ನೀರಿಗೆ ಯಾಕ ಅಂಜತಿಲೇ ಮಗನ, ಅದಕ್ಕೇನ್ ನಿನ್ನ ಮ್ಯಾಲೆ ಸಿಟ್ಟ್ ಐತೇನು" ಎಂದಿದ್ದರು. ನಾನು ತೆಗೆದ ಮೊದಲ ದನಿ ಅದೇ. ಎದೆಯ ಗಾಳಿಯನ್ನೆಲ್ಲ ಒಂದೇ ಸಲ ಬಿಟ್ಟು, ಕೊನೆಗೆ 'ಲೇ ಮಗನ' ಎಂದು ಕೀಲು ಹೊಡೆಯಬೇಕು. ಊರಿನಲ್ಲಿ ಆ 'ಲೇ' ಬೀಳದವರೇ ಇರಲಿಲ್ಲ. ದವಾಖಾನೆಯ ಡಾಕ್ಟರಿಗೂ ಬಿದ್ದಿದೆ. ಬಿದ್ದವರು ಅದನ್ನು ಪದಕದಂತೆ ಹೇಳಿಕೊಂಡು ತಿರುಗುತ್ತಿದ್ದರು.

ಆಮೇಲೆ ಒಂದು ದಿನ ಹೊಲದ ಬದುವಿನಲ್ಲಿ ಅವರಿಗೆ ಎದೆ ಹಿಡಿಯಿತು. ವಿಜಯಪುರಕ್ಕೆ ಒಯ್ದರು. ಮುದ್ದೇಬಿಹಾಳದಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಮಾಮಾ ಅಂಗಡಿ ಮುಚ್ಚಿ ಬಂದು, ದವಾಖಾನೆಯ ಬೆಂಚಿನ ಮೇಲೆ ಮಲಗಿ, ಎಲ್ಲ ನೋಡಿಕೊಂಡರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಾಮಾ ನಗುವುದು ಕಡಿಮೆ. ಅವರ ದನಿಯನ್ನೂ ನಾನು ತೆಗೆಯುತ್ತೇನೆ, ಆದರೆ ಅವರ ಮುಂದೆ ಅಲ್ಲ. ಚಾಚಾ ಮನೆಗೆ ಬಂದವರು ಹೊರಸಿನ ಮೇಲೆ ಕುಳಿತು, "ಸೀಟಿನ ಸ್ಪ್ರಿಂಗ್ ತಗದು ಎದಿಯೊಳಗ ಹಾಕ್ಯಾರಲೇ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಡಾಕ್ಟರು ಮಾತ್ರ ಸೈಕಲ್ಲೂ ಬೇಡ, ಈಸೂ ಬೇಡ ಎಂದಿದ್ದರು. ಮಾಮಾ ಸೈಕಲ್ಲನ್ನು ಪಡಸಾಲೆಯ ಜಂತಿಗೆ ಎತ್ತಿ, ನೈಲಾನ್ ಹಗ್ಗದಿಂದ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿ ಹೋದರು. ಚಾಚಾ ಹೊರಸಿನ ಮೇಲೆ ಮಲಗಿ ಅದನ್ನೇ ನೋಡುತ್ತಿದ್ದರು. ಮಾತು ಕಡಿಮೆಯಾಯಿತು. ಊರಿನವರು ಬರುವುದೂ ಕಡಿಮೆಯಾಯಿತು, ಯಾಕೆಂದರೆ ಬಂದವರಿಗೆ ಈಗ 'ಲೇ' ಬೀಳುತ್ತಿರಲಿಲ್ಲ, ಬರೀ "ಬಾರಪ್ಪ" ಬೀಳುತ್ತಿತ್ತು. ನಾನು ದಿನಾ ಹೋಗುತ್ತಿದ್ದೆ. ಹೋಗಿ ಏನು ಮಾಡುವುದು ಎಂದು ತಿಳಿಯದೆ ಕಂಡವರನ್ನೆಲ್ಲ ಅಣಕಿಸಿ ಬರುತ್ತಿದ್ದೆ.

ಫೋನು ಬಂದದ್ದು ಅಂಥ ಒಂದು ಸಂಜೆ. ಚಾಚಾ ಒಳಗೆ ನಮಾಜಿಗೆ ನಿಂತಿದ್ದರು, ಫೋನು ಅಂಗಳದ ಹೊರಸಿನ ಮೇಲಿತ್ತು. ಹೊರ್ತಿಯಿಂದ ಬಂದ ಕರೆ. ಹೊರ್ತಿಯ ಕಾಕಾ ಎಂದರೆ ಇಂಡಿ ಕಡೆ ನಿಂಬೆ ತೋಟ ಇರುವ ರೈತ. ಒಂದು ಕಾಲದಲ್ಲಿ ರೇಸಿನಲ್ಲಿ ಚಾಚಾನ ಮುಂದೆ ಹೋಗಬಲ್ಲವರು ಈ ಭಾಗದಲ್ಲಿ ಅವರೊಬ್ಬರೇ. ಆರೋಗ್ಯ ವಿಚಾರಿಸಲು ಮಾಡಿದ್ದರು. ನನ್ನ ಗಂಟಲು ತುರಿಸಿತು.

"ಹೆಂಗದೀರ್ರಿ ಈಗ?" ಎಂದರು ಅವರು.

"ಲೇ ಮಗನ, ಹೆಂಗದೇನಿ ಅಂತ ಫೋನಿನ್ಯಾಗ ಕಾಣಸ್ತೈತೇನು? ಸೈಕಲ್ ತಗೊಂಡ್ ಬಾ. ಗೊಳಸಂಗಿ ತನಕ ಹೋಗೂಣು. ಯಾರ ಉಸರ ಎಲ್ಲಿ ಮುಗೀತೈತಿ ನೋಡೂಣು."

ಆ ಕಡೆ ಅವರು ಯಾರಿಗೋ ಪಂಪು ಬಂದ್ ಮಾಡಲು ಹೇಳಿದರು. ಆಮೇಲೆ, "ಯಾವತ್ತ ಬರ್ಲ್ರಿ?"

"ಶುಕ್ರವಾರ ಬ್ಯಾಡ. ಬ್ಯಾರೆ ಯಾವತ್ತರೆ ಬಾ."

"ಆತ್ರಿ."

ಶುಕ್ರವಾರ ಬೇಡ ಎಂದು ಹೇಳಿದ್ದಕ್ಕೆ ನನಗೆ ನನ್ನ ಮೇಲೆಯೇ ಹೆಮ್ಮೆ. ಕಲಾವಿದ ಎಂದರೆ ಹೀಗೆ, ಜುಮ್ಮಾ ನಮಾಜನ್ನೂ ಮರೆಯಬಾರದು ಎಂದುಕೊಂಡೆ. ಚಾಚಾನಿಗೆ ಹೇಳಿ ನಗಿಸಬೇಕು ಎಂದುಕೊಂಡವನು, ನನ್ನ ಅಂಗಡಿಗೆ ಯಾವನೋ ಗಿರಾಕಿ ಬಂದಿದ್ದಾನೆ ಎಂದು ಕರೆ ಬಂದದ್ದರಿಂದ ಓಡಿದೆ. ಮರೆತೇಬಿಟ್ಟೆ.

ಹೊರ್ತಿಯ ಕಾಕಾ ಮರೆತಿರಲಿಲ್ಲ. ಮುಂದಿನ ವಾರ ಒಂದು ಮುಂಜಾನೆ ನಿಂಬೆಕಾಯಿ ಸಾಗಿಸುವ ಟಂಟಂ ಆಟೋ ಒಂದು ನಮ್ಮ ಓಣಿಗೆ ಬಂದು ನಿಂತಿತು. ಚೀಲಗಳ ನಡುವೆ ಒಂದು ಹಳೆಯ ರೇಸಿಂಗ್ ಸೈಕಲ್ಲು. ಇಳಿದವರು ಧೋತರ ಬಿಟ್ಟು ಮಗನದೋ ಮೊಮ್ಮಗನದೋ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡಿದ್ದರು. ಅದು ಅವರಿಗೆ ದೊಡ್ಡದಾಗಿತ್ತು, ಸೊಂಟದಲ್ಲಿ ಗಂಟು ಕಟ್ಟಿದ್ದರು. ನಾನು ಆಗ ಚಾಚಾನ ಅಂಗಳದಲ್ಲೇ ಇದ್ದೆ. ನನ್ನನ್ನು ಮತ್ತೊಮ್ಮೆ ಬಾವಿಗೆ ನೂಕಿದಂತಾಯಿತು, ಈ ಸಲ ಕ್ಯಾನು ಇಲ್ಲದೆ.

"ಏನ್ರಿ, ಸೈಕಲ್ ತಗೊಂಡ್ ಎಲ್ಲಿಗಿ ಹೊಂಟೀರಿ?" ಎಂದರು ಚಾಚಾ, ಹೊರಸಿನಿಂದ ಏಳುತ್ತಾ.

"ನೀವ ಕರದಿದ್ರೆಲ್ಲ. ಗೊಳಸಂಗಿ ತನಕ."

ಚಾಚಾ ನನ್ನನ್ನು ನೋಡಿದರು. ನಾನು ಅಂಗಳದಲ್ಲಿ ಕೆದರುತ್ತಿದ್ದ ಕೋಳಿಯನ್ನು ನೋಡಿದೆ.

"ಹೌದೌದು, ಕರದಿದ್ದೆ. ಮರತಿದ್ದೆ ನೋಡ್ರಿ" ಎಂದರು ಚಾಚಾ. ಅವರ ಮುಖದಲ್ಲಿ ಅಷ್ಟು ಹೊತ್ತಿಗಾಗಲೇ ಬಣ್ಣ ಬಂದಿತ್ತು. ಒಳಗಿನಿಂದ ಚಾಚಿ ಬಂದು ಚೌಕಟ್ಟಿನಲ್ಲಿ ನಿಂತರು. ಕೈಯಲ್ಲಿ ಜೋಳದ ಹಿಟ್ಟು ಇತ್ತು.

"ಯಾವಾಗ ಕರದ್ರಿ?"

"ಮೊನ್ನೆ. ಫೋನಿನ್ಯಾಗ. ಮಾತ್ ಕೊಟ್ಟೇನಿ ಅಂದಮ್ಯಾಲೆ ಹೋಗಬೇಕಲ್ಲ."

"ನೀವು ಒಳಗ ನನ್ನ ಕಣ್ಣ ಮುಂದ ನಮಾಜಿಗೆ ನಿಂತಿದ್ರಿ. ಅಂಗಳದಾಗೂ ನೀವ ಮಾತಾಡಾಕತ್ತಿದ್ರಿ. ನನ್ನ ಕಿವಿ ಇನ್ನೂ ಛಲೋ ಅದಾವ."

"ಚಾಚಿ, ಅದು ನಾನು..." ಎಂದೆ.

"ಗೊತ್ತೈತಿ. ಸುಮ್ಕ ಕುಂಡ್ರು."

ಹೊರ್ತಿಯ ಕಾಕಾ ಕೆಮ್ಮಿದರು. "ನನಗೂ ಗೊತ್ತಿತ್ರಿ ತಂಗಿ. ಇಷ್ಟ್ ವರ್ಷದಾಗ ಇವ್ರು ನನಗ ಒಮ್ಮೆನೂ 'ಲೇ' ಅಂದಿಲ್ಲ. ನಾನೂ ಅಂದಿಲ್ಲ."

ಇದು ನನ್ನ ವಿದ್ಯೆಗೆ ಬಿದ್ದ ಪೆಟ್ಟು. ಡಾಕ್ಟರಿಗೂ ಬಿದ್ದ 'ಲೇ' ಈ ಒಬ್ಬರಿಗೆ ಬಿದ್ದಿರಲಿಲ್ಲ ಎಂದರೆ ನಂಬುವುದು ಹೇಗೆ? ಚಾಚಾ ನನ್ನ ಮುಖ ನೋಡಿ ವಿವರಿಸಿದರು: "ಹ್ಯಾಂಡಲ್‌ಗೆ ಹ್ಯಾಂಡಲ್ ಹಚ್ಚಿ ಓಡಿಸೋರು ಏಕವಚನ ಮಾತಾಡಿದ್ರ ಬಡದಾಟ ಆಕ್ಕೈತಿ. 'ರಿ' ಹಚ್ಚಿ ಬೈಯಾಕ ಬಾಯಿ ಬರೂದಿಲ್ಲ, ಅದಕ್ಕ." ಎಲ್ಲರಿಗೂ ಬೇಕಾಗಿದ್ದ ಆ 'ಲೇ'ಗಿಂತ ದೊಡ್ಡದೊಂದು ಮರ್ಯಾದೆ ಅವರ ಬಳಿ ಇತ್ತು, ಅದನ್ನು ಒಬ್ಬರಿಗಾಗಿ ತೆಗೆದಿಟ್ಟಿದ್ದರು. ನಾನು ಇಷ್ಟು ವರ್ಷ ತೆಗೆದದ್ದು ಚಾಚಾನ ಅರ್ಧ ದನಿಯನ್ನು ಮಾತ್ರ.

"ಗೊತ್ತಿದ್ದೂ ಯಾಕ ಬಂದ್ರಿ ಅಣ್ಣಾ?" ಎಂದರು ಚಾಚಿ.

"ಯಾರರೆ ಆಗ್ಲಿ, ಕರದ್ರಲ್ಲ. ಸೈಕಲ್ ಹತ್ತು ಅನ್ನೋರು ಈಗ ನನಗ ಯಾರ್ ಅದಾರ. ಮನ್ಯಾಗ ಎಲ್ಲಾರೂ ಇಳಿ ಅನ್ನೋರ."

ಚಾಚಾ ವಾದ ಮಾಡಲಿಲ್ಲ. ಹೋಗಿ ತೂಗುಹಾಕಿದ ಸೈಕಲ್ಲಿನ ಕೆಳಗೆ ನಿಂತರು. ಕೈ ಎತ್ತಿದರೆ ಹಿಂದಿನ ಗಾಲಿ ಮಾತ್ರ ಸಿಗುತ್ತಿತ್ತು. ಅದನ್ನು ತಿರುಗಿಸಿದರು. ಫ್ರೀವೀಲಿನ ಕಟಕಟ ಶಬ್ದ ಪಡಸಾಲೆ ತುಂಬಿತು, ಮೆಲ್ಲಗೆ ನಿಂತಿತು. ಅವರು ಚಾಚಿಯ ಕಡೆ ತಿರುಗಿ ಕಾಯುತ್ತಾ ನಿಂತರು. ಇಷ್ಟು ದೊಡ್ಡ ಮನುಷ್ಯ ಹಾಗೆ ಕಾಯುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಚಾಚಿ ಬೆರಳಿನ ಹಿಟ್ಟನ್ನು ಒಂದೊಂದಾಗಿ ತಿಕ್ಕಿ ಉದುರಿಸಿಕೊಂಡರು.

"ಹಗ್ಗ ಬಿಚ್ಚು" ಎಂದು ನನಗೆ ಹೇಳಿದರು. ಆಮೇಲೆ ಗಂಡನಿಗೆ: "ಗೊಳಸಂಗಿ ತನಕ ಅಷ್ಟ. ಏರು ಬಂದ್ರ ಇಳದು ನಡೀಬೇಕು. ನೀರಿಗಿ ಇಳಿಬಾರದು. ಇಂವಾ ಗಾಡಿ ತಗೊಂಡು ಹಿಂದ ಬರ್ತಾನ."

ನಾನು ಸ್ಟೂಲು ಹತ್ತಿ ಮಾಮಾನ ಗಂಟುಗಳ ಜೊತೆ ಗುದ್ದಾಡುತ್ತಿದ್ದಾಗ ಚಾಚಿ ಸ್ಟೂಲು ಹಿಡಿಯಲು ಬಂದರು. ಮೆಲ್ಲಗೆ ಹೇಳಿದರು: "ಆಪರೇಶನ್ ಆದಮ್ಯಾಲೆ ಅವರಿಗೆ ಅಷ್ಟ್ ದನಿ ಎಲ್ಲೈತಿ. ಅವತ್ತ್ ಅಂಗಳದಾಗ ಉಸರ್ ತುಂಬಿ ಮಾತಾಡಿದ್ದು ಕೇಳಿ, ಒಂದ್ ಗಳಿಗಿ ಎಲ್ಲಾ ಸರಿ ಆಗೇತಿ ಅನಸ್ತು. ಅದಕ್ಕ ನಿನ್ನ ಬೈಲಿಲ್ಲ." ನಾನು ಗಂಟು ಬಿಚ್ಚುತ್ತಲೇ ಇದ್ದೆ. 

ಹೊರಟೆವು. ಅವರಿಬ್ಬರು ಜೊತೆಜೊತೆಗೆ, ಹಿಂದೆ ನಾನು ಮೋಟಾರ್ ಸೈಕಲ್ಲಿನಲ್ಲಿ, ಜೇಬಿನಲ್ಲಿ ನಾಲಿಗೆ ಕೆಳಗಿಡುವ ಗುಳಿಗೆ. ನನ್ನ ಹಿಂದೆ ಟಂಟಂ. ದೂರದಿಂದ ನೋಡಿದವರಿಗೆ ಯಾವುದೋ ಸಣ್ಣ ಪಕ್ಷದ ಪ್ರಚಾರ ಎನ್ನಿಸಿರಬೇಕು. ಎರಡೂ ಕಡೆ ಎರೆ ಹೊಲದಲ್ಲಿ ತೊಗರಿ ಹೂವಾಗಿತ್ತು. ರೇಸು ಎಂಬ ಮಾತೇ ಇರಲಿಲ್ಲ. "ಮುಂದ ಹೋಗ್ರಿ." "ಇಲ್ರಿ, ನೀವ ಹೋಗ್ರಿ." ಕಬ್ಬಿನ ಟ್ರ್ಯಾಕ್ಟರುಗಳು ನಮ್ಮನ್ನು ದಾಟಿ ಹೋದವು, ಒಬ್ಬ ಮುದುಕ ಎಮ್ಮೆ ಹೊಡೆದುಕೊಂಡು ದಾಟಿ ಹೋದ. ಮೊದಲ ಗೇರಿನಲ್ಲೇ ತೆವಳಿ ನನ್ನ ಗಾಡಿ ಬಿಸಿಯಾಗಿ ತೊಡೆ ಸುಡುತ್ತಿತ್ತು.

ಏರು ಬಂದಾಗ ಚಾಚಾ ಇಳಿದು ತಳ್ಳಿಕೊಂಡು ನಡೆದರು. ಹೊರ್ತಿಯ ಕಾಕಾನೂ ಇಳಿದರು. ನಾನು ಸುಮ್ಮನಿರಬೇಕಿತ್ತು, ಆದರೆ ಬಾಯಿ ನನ್ನದು. "ಓಡಸ್ರಿ ಚಾಚಾ, ಚಾಚಿ ಇಲ್ಲಿ ಎಲ್ಲಿ ನೋಡಾಕತ್ತಾರ" ಎಂದೆ.

"ಆಕಿ ಇಲ್ಲದಲ್ಲೇ ಆಕಿ ಮಾತ್ ಕೇಳಬೇಕಲೇ ಮಗನ. ಎದುರಿಗಿ ಯಾರರೆ ಕೇಳ್ತಾರ" ಎಂದರು. ಬಹಳ ದಿನಗಳ ಮೇಲೆ ನನಗೆ 'ಲೇ' ಬಿತ್ತು. ಆದರೆ ಅದರ ಕೊನೆಯಲ್ಲಿ ಗಾಳಿ ಇರಲಿಲ್ಲ.

ಗೊಳಸಂಗಿ ತಲುಪಲಿಲ್ಲ. ಅದಕ್ಕೆ ಮೊದಲೇ ಒಂದು ಕಾಲುವೆ ಸಿಕ್ಕಿತು, ತುಂಬಿ ಹರಿಯುತ್ತಿತ್ತು. ಮುಳವಾಡದ ಏತ ನೀರಾವರಿಯಿಂದ ಎತ್ತಿ ಬಿಟ್ಟ ನೀರು. ಇಬ್ಬರೂ ಒಂದೇ ಸಲ ಬ್ರೇಕು ಹಿಡಿದರು. ದಂಡೆಯ ಮೇಲೆ ಕುಳಿತರು. ಹೊರ್ತಿಯ ಕಾಕಾ ಟಂಟಂನಿಂದ ನಿಂಬೆಕಾಯಿ ತೆಗೆದು ಬಾಟಲಿಯ ನೀರಿಗೆ ಹಿಂಡಿದರು. ಹಳೆಯ ರೇಸೊಂದರ ಮಾತು ಬಂತು.

"ಅವತ್ತ್ ಗೆದ್ದದ್ದು ನೀವ್ರಿ" ಎಂದರು ಚಾಚಾ.

"ಇಲ್ರಿ, ನೀವ ಗೆದ್ದಿದ್ರಿ. ಬಹುಮಾನದ ಗಡಿಯಾರ ನಿಮ್ಮ ಗ್ವಾಡಿ ಮ್ಯಾಲ ಐತಲ್ಲ."

"ಅದು ನನ್ನ ಮದುವಿಗೆ ನೀವ ಕೊಟ್ಟದ್ದು."

"ಹೌದೇನ್ರಿ?" ಎಂದು ಅವರು ನೀರನ್ನು ನೋಡಿದರು. ಗೆದ್ದವರು ಯಾರು ಎಂದು ಹೇಳಬಲ್ಲವರು ಈಗ ಯಾರೂ ಉಳಿದಿರಲಿಲ್ಲ.

ಚಾಚಾ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಎರಡನೆಯದನ್ನೂ ಬಿಚ್ಚಿದರು. ನಾನೂ ಹೊರ್ತಿಯ ಕಾಕಾನೂ ಒಟ್ಟಿಗೇ ಅವರ ಕೈ ನೋಡಿದೆವು.  ಚಾಚಾ ಕಾಲುವೆಗೆ ಒಂದು ಹರಳು ಎಸೆದು, ಎರಡೂ ಗುಂಡಿಗಳನ್ನು ಮತ್ತೆ ಹಾಕಿಕೊಂಡು, "ಸಾಕ್ರಿ, ಹೋಗೂಣು" ಎಂದರು. ಸೈಕಲ್ಲುಗಳನ್ನು ಟಂಟಂಗೆ ಏರಿಸಿದೆವು. ಚಾಚಾ ನಿಂಬೆಕಾಯಿ ಚೀಲಕ್ಕೆ ಒರಗಿ ಊರು ಬರುವವರೆಗೆ ನಿದ್ದೆ ಮಾಡಿದರು.

ಆ ರಾತ್ರಿಯಿಂದ ಅವರಿಗೆ ಮೈ ಬಿಸಿ, ಸುಸ್ತು. ವಿಜಯಪುರದ ಡಾಕ್ಟರು ಬೈದರು, ಮಾಮಾ ಬಂದು ಅದಕ್ಕಿಂತ ಹೆಚ್ಚು ಬೈದರು. ಚಾಚಾ ಮತ್ತೆ ಎದ್ದು ಓಡಾಡಿದರು ನಿಜ, ಅಂಗಡಿಯ ಬಾಗಿಲನ್ನೂ ಕೆಲವು ದಿನ ತೆರೆದರು, ಊರಿಗೆ ಅದೇ ಆಶ್ಚರ್ಯ. ಆದರೆ ಸೈಕಲ್ಲು ಹತ್ತಲಿಲ್ಲ. ಬೇಸಗೆಯ ಕೊನೆಯಲ್ಲಿ, ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದವರು ಏಳಲಿಲ್ಲ.

ಮೂರನೆಯ ದಿನದ ಜಿಯಾರತ್‌ಗೆ ಊರೆಲ್ಲ ಬಂದಿತ್ತು. ಅಂಗಳದಲ್ಲಿ ಶಾಮಿಯಾನ ಹಾಕಿ ಗಂಡಸರು ಕುಳಿತಿದ್ದೆವು. ಎಲ್ಲರೂ ಒಂದಲ್ಲ ಒಂದು ಬಾವಿಯಲ್ಲಿ ಅವರಿಂದ ನೂಕಿಸಿಕೊಂಡವರೇ. ಚಾಚಿ ಇದ್ದತ್ತಿಗೆ ಕುಳಿತಿದ್ದರು. ಗಂಡ ತೀರಿದ ಹೆಂಗಸು ಕೆಲವು ತಿಂಗಳು ಹೊರಗಿನ ಗಂಡಸರ ಎದುರು ಬರುವುದಿಲ್ಲ. ಬಾಗಿಲಿಗೆ ಪರದೆ ಬಿಟ್ಟಿದ್ದರು, ಆಚೆ ಹೆಂಗಸರ ಮೆಲುಮಾತು ಕೇಳುತ್ತಿತ್ತು. ಕುರಾನ್ ಓದುವುದು ಮುಗಿಯಿತು. ಜನ ಏಳುವ ಮೊದಲು ಮಾಮಾ ನನ್ನ ಎದುರು ಬಂದು ನಿಂತರು. ಕಣ್ಣು ಕೆಂಪಾಗಿದ್ದವು, ಎಷ್ಟು ದಿನ ನಿದ್ದೆ ಇರಲಿಲ್ಲವೋ.

"ದವಾಖಾನ್ಯಾಗ ಹಗಲು ರಾತ್ರಿ ಕುಂತಾಂವ ನಾನು. ಡಾಕ್ಟರು ಹೇಳಿದ್ದು ಕೇಳಿದಾಂವ ನಾನು. ಸೈಕಲ್ ಎತ್ತಿ ಕಟ್ಟಿದಾಂವ ನಾನು. ನೀ ಏನ್ ಮಾಡಿದಿ? ನಕಲಿ ಮಾಡಿದಿ. ನಿನ್ನ ನಕಲಿ ಮಾತ್ ಕೇಳಿ ನಮ್ಮ ಭಾವ ಸೈಕಲ್ ಹತ್ತಿದ್ರು. ಅವತ್ತ್ ಹೋದ ಉಸರು ತಿರುಗಿ ಬರ್ಲಿಲ್ಲ. ಅವರನ್ನ ನೀ ಸಾಯಿಸಿದಿ. ಇನ್ನ ಮ್ಯಾಲೆ ಈ ಹೊಸ್ತಿಲಾ ತುಳಿಬ್ಯಾಡ."

ಹೊರ್ತಿಯ ಕಾಕಾ ಏನೋ ಹೇಳಲು ಎದ್ದರು. ಮಾಮಾ ಅವರ ಕಡೆ ತಿರುಗಿಯೂ ನೋಡಲಿಲ್ಲ. ಶಾಮಿಯಾನದಲ್ಲಿ ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನ್ನ ಗಂಟಲಲ್ಲಿ ಇದ್ದ ಬಾಡಿಗೆದಾರರೆಲ್ಲ ಮನೆ ಖಾಲಿ ಮಾಡಿ ಹೋಗಿದ್ದರು. ಮಾಮಾ ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದೆ, ಬೇಗ ಸಿಗಲಿಲ್ಲ. "ಆತ್ರಿ ಮಾಮಾ" ಎಂದೆ. ಅದು ನನ್ನದೇ ದನಿ ಇರಬೇಕು, ನನಗೇ ಗುರುತು ಹತ್ತಲಿಲ್ಲ. ಚಪ್ಪಲಿ ಹುಡುಕಲು ಬಗ್ಗಿದೆ.

ಆಗ ಪರದೆಯ ಆಚೆಯ ಮೆಲುಮಾತು ನಿಂತಿತು. ಚಾಚಿಯ ದನಿ ಬಂತು. ಜೋರೇನಲ್ಲ, ರೊಟ್ಟಿಗೆ ಕರೆಯುವಾಗಿನಷ್ಟೇ. ಆದರೆ ಶಾಮಿಯಾನದ ಕೊನೆಯವರೆಗೂ ಕೇಳಿಸಿತು:

"ಮದುವಿ ಆದಾಗಿಂದ ನನ್ನ ಒಂದ್ ಮಾತ್ ಕೇಳಿದಾಂವಲ್ಲ ನಿಮ್ಮ ಭಾವ. ಈ ಹುಡುಗನ ಮಾತ್ ಕೇಳಿ ಸತ್ತಾನಂತೇನು?"